ಚೀಟಿಗಳಲ್ಲಿ 1973ರ ಅಕ್ಟೋಬರ್: ತರಗತಿಯಲ್ಲಿ ನಾನು ನಡೆಸುವ ಅಭ್ಯಾಸ

ಮಂಗಳೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ, ಗುಪ್ತಚರ ಸಂಸ್ಥೆಗಳು ಹಠಾತ್ ದಾಳಿಯನ್ನು ಮುಂಗಾಣುವಲ್ಲಿ ಏಕೆ ಸೋಲುತ್ತವೆ ಎಂಬುದನ್ನು ಬರೀ ಉಪನ್ಯಾಸದಿಂದ ತಿಳಿಸುವುದು ಕಷ್ಟವೆನಿಸಿತು. ದಾಳಿ ನಡೆದುಹೋದ ಮೇಲೆ ಸುಳಿವುಗಳೆಲ್ಲ ಕಣ್ಣಿಗೆ ರಾಚುತ್ತವೆ. ‘ಇಷ್ಟೂ ಗೊತ್ತಾಗಲಿಲ್ಲವೇ ಸರ್’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆದ್ದರಿಂದ 1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ನಡೆಸಿದ ದಾಳಿಯನ್ನು ಆರಿಸಿಕೊಂಡು, ಅದಕ್ಕೆ ಮುಂಚಿನ ದಿನಗಳಲ್ಲಿ ಇಸ್ರೇಲಿಗೆ ತಲುಪಿದ್ದ ಮಾಹಿತಿಯನ್ನು ದೇಶಗಳ ಹೆಸರು ತೆಗೆದು, ದಿನಾಂಕವಾರು ಚೀಟಿಗಳಲ್ಲಿ ಬರೆದೆ.

ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮೊದಲೇ ಒಂದು ವಾಕ್ಯ ಕೊಡುತ್ತೇನೆ: ನಮ್ಮ ವಾಯುನೆಲೆಗಳನ್ನು ಹೊಡೆಯಬಲ್ಲ ದೂರಗಾಮಿ ವಿಮಾನ, ಕ್ಷಿಪಣಿಗಳು ಕೈಸೇರುವ ತನಕ ಎದುರಾಳಿ ಯುದ್ಧಕ್ಕಿಳಿಯುವುದಿಲ್ಲ. ಇಸ್ರೇಲಿನ ಸೇನಾ ಗುಪ್ತಚರ ವಿಭಾಗ ಗಟ್ಟಿಯಾಗಿ ಹಿಡಿದಿದ್ದ ನಂಬಿಕೆ ಇದೇ. ಕಾಲುವೆಯಾಚೆ (ಎರಡೂ ಸೇನೆಗಳ ನಡುವಿದ್ದ ಸೂಯೆಜ್ ಕಾಲುವೆ) ಸೇನೆ ಜಮಾಯಿಸುತ್ತಿದೆ ಎಂಬ ಚೀಟಿಗೆ ಈ ಗುಂಪು ‘ವಾರ್ಷಿಕ ಸಮರಾಭ್ಯಾಸ’ ಎಂದು ಬರೆಯಿತು. ಈಜಿಪ್ಟ್ ನಿಜಕ್ಕೂ ತಹ್ರೀರ್ 41 ಎಂಬ ಸಮರಾಭ್ಯಾಸದ ಮರೆಯಲ್ಲೇ ಸಿದ್ಧತೆ ನಡೆಸಿತ್ತು. ಎದುರಾಳಿಯ ಮಿತ್ರರಾಷ್ಟ್ರ (ಅಂದರೆ ಸೋವಿಯತ್ ಒಕ್ಕೂಟ) ತನ್ನ ಸಲಹೆಗಾರರ ಕುಟುಂಬಗಳನ್ನು ತರಾತುರಿಯಲ್ಲಿ ವಿಮಾನ ಹತ್ತಿಸುತ್ತಿದೆ ಎಂಬ ಚೀಟಿಗೆ, ‘ಅವರವರಲ್ಲೇ ಜಗಳವಾಗಿರಬೇಕು’ ಎಂಬ ಟಿಪ್ಪಣಿ ಬಂತು. ಆ ವಾಕ್ಯ ಸಿಗದ ಗುಂಪಿನವರು ಅದೇ ಚೀಟಿಯ ಅಂಚಿನಲ್ಲಿ ಎರಡು ಗೆರೆ ಎಳೆದು ‘ಯುದ್ಧ’ ಎಂದು ಬರೆದಿದ್ದರು.

ಅಕ್ಟೋಬರ್ 1 ಮತ್ತು 3ರಂದು ಇಸ್ರೇಲ್ ಸೇನೆಯ ದಕ್ಷಿಣ ಕಮಾಂಡಿನ ಕಿರಿಯ ಗುಪ್ತಚರ ಅಧಿಕಾರಿ ಬಿನ್ಯಾಮಿನ್ ಸಿಮಾನ್-ತೋವ್, ಈ ಸಮರಾಭ್ಯಾಸ ಕಾಲುವೆ ದಾಟುವ ತಯಾರಿಯನ್ನು ಮುಚ್ಚಿಡುತ್ತಿರಬಹುದು ಎಂದು ಬರೆದಿದ್ದರು. ಮೇಲಧಿಕಾರಿ ಆ ವರದಿಯನ್ನು ಮುಂದಕ್ಕೆ ಕಳುಹಿಸಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು.

ಎಚ್ಚರಿಕೆಗೆ ತೆರಬೇಕಾದ ಬೆಲೆಯನ್ನೂ ನಾನು ಚೀಟಿಯಲ್ಲಿ ಸೇರಿಸುತ್ತೇನೆ. ಅದೇ ವರ್ಷದ ಮೇ ಸುಮಾರಿಗೆ ಯುದ್ಧದ ಶಂಕೆಯಿಂದ ಇಸ್ರೇಲ್ ಭಾರೀ ಖರ್ಚಿನಲ್ಲಿ ಸನ್ನದ್ಧವಾಗಿತ್ತು, ಯುದ್ಧ ಬರಲಿಲ್ಲ; ಬರುವುದಿಲ್ಲವೆಂದು ಹೇಳಿದ್ದ ಗುಪ್ತಚರ ವಿಭಾಗದ ಮಾತಿಗೆ ಅಕ್ಟೋಬರಿನಲ್ಲಿ ತೂಕ ಹೆಚ್ಚಿತು. ಇದನ್ನು ಓದಿದ ಮಲ್ಪೆಯ ವಿದ್ಯಾರ್ಥಿಯೊಬ್ಬ, ‘ಗಾಳಿ ಬರುತ್ತದೆಂದು ಎರಡು ಸಲ ಬೋಟು ವಾಪಸ್ ಕರೆಸಿ, ಗಾಳಿ ಬಾರದಿದ್ದರೆ ಮೂರನೇ ಸಲ ಯಾರೂ ಬಲೆ ಎತ್ತುವುದಿಲ್ಲ ಸರ್. ಡೀಸೆಲ್‌ನ ದುಡ್ಡು ಯಾರು ಕೊಡುತ್ತಾರೆ?’ ಎಂದ. 2008ರ ನವೆಂಬರ್ 26ರ ಮುಂಬೈ ದಾಳಿಯನ್ನು ಇದರ ಬೆನ್ನಿಗೇ ಎತ್ತಿಕೊಂಡೆವು. ದಾಳಿಕೋರರು ಕುಬೇರ್ ಎಂಬ ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಬಂದಿದ್ದರು. ಸಮುದ್ರದಿಂದ ದಾಳಿಯಾಗಬಹುದೆಂಬ ಎಚ್ಚರಿಕೆ ಮೊದಲೇ ಇತ್ತು; ತಾಜ್ ಹೋಟೆಲಿನಲ್ಲಿ ಬಿಗಿಗೊಳಿಸಿದ್ದ ಭದ್ರತೆಯನ್ನು ದಾಳಿಗೆ ಮುನ್ನ ಸಡಿಲಿಸಲಾಗಿತ್ತು.

ಈಗ ಚೀಟಿ ಹಂಚುವ ಮೊದಲೇ, ಯಾವ ಎರಡು ಘಟನೆ ನಡೆದರೆ ತಮ್ಮ ನಂಬಿಕೆಯನ್ನು ಬಿಟ್ಟುಕೊಡುವಿರಿ ಎಂದು ಎರಡೂ ಗುಂಪಿನವರಿಂದ ಬರೆಸಿ, ಲಕೋಟೆಗೆ ಹಾಕಿ ಅಂಟಿಸಿಡುತ್ತೇನೆ. ಆ ಘಟನೆಗಳು ಚೀಟಿಯಲ್ಲಿ ಬಂದೊಡನೆ ಲಕೋಟೆ ಒಡೆಯಬೇಕು. ಇದರಿಂದ ಚರ್ಚೆ ಬೇಗ ಶುರುವಾಗುತ್ತದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ತಮ್ಮದೇ ಕೈಬರಹವನ್ನು ಮುಂದಿಟ್ಟುಕೊಂಡು, ‘ನಾವು ಹೇಳಿದ್ದು ಪೂರ್ತಿ ಇದನ್ನಲ್ಲ’ ಎಂದು ವಾದಿಸುವವರು ಪ್ರತಿ ತಂಡದಲ್ಲೂ ಇರುತ್ತಾರೆ.