ತಿದ್ದಿದ ಫೈಲನ್ನೇ ಬಿಬಿಎಸ್ ಓದುತ್ತಿದೆಯಾ?

ಮಳೆಗಾಲದ ಒಂದು ಭಾನುವಾರ ಹುಬ್ಬಳ್ಳಿಯ ಮನೆಯಲ್ಲಿ ಕೂತು ಒಂದೇ ಸಾಲನ್ನು ಹನ್ನೊಂದು ಸಲ ತಿದ್ದಿದೆ. ಪೋರ್ಟ್ ನಂಬರ್, ಅಂದರೆ ಹೊರಗಿನವರು ಕಂಪ್ಯೂಟರಿಗೆ ಬರುವ ಬಾಗಿಲಿನ ನಂಬರು, 23 ಇದ್ದದ್ದು 2323 ಆಗಬೇಕಿತ್ತು, ಅಷ್ಟೇ. ಸೇವ್ ಮಾಡಿ ಬಿಬಿಎಸ್ ಪ್ರೋಗ್ರಾಂ ಶುರು ಮಾಡಿದರೆ ಅದು ಮತ್ತೆ 23ನ್ನೇ ಹಿಡಿದು ಕೂರುತ್ತಿತ್ತು. ಸಂಜೆ ಧಾರವಾಡದಿಂದ ಅಣ್ಣನ ಮಗ ಬಂದ. ಗಿರ್ಮಿಟ್ ತಿನ್ನುತ್ತ ಎರಡು ನಿಮಿಷ ಸ್ಕ್ರೀನ್ ನೋಡಿ, “ಕಾಕಾ, ನೀವು ತಿದ್ದೂದು ಒಂದ್ ಫೈಲು, ಅದು ಓದೂದು ಇನ್ನೊಂದು” ಅಂದ. ನಾನು ತಿದ್ದುತ್ತಿದ್ದದ್ದು, ಸುಮ್ನೆ ಇರಲಿ ಅಂತ ನಾನೇ ಮಾಡಿಟ್ಟಿದ್ದ ಕಾಪಿಯನ್ನು.

ಬಿಬಿಎಸ್ ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಮ್. ವೆಬ್ ಬರುವ ಮೊದಲು ಜನ ಮೋಡೆಮ್‌ನಿಂದ ಇನ್ನೊಬ್ಬರ ಮನೆಯ ಕಂಪ್ಯೂಟರಿಗೆ ಫೋನ್ ಹಚ್ಚಿ ಸಂದೇಶ ಬಿಟ್ಟು ಬರುತ್ತಿದ್ದರು. ಮೊದಲನೆಯದು 1978ರ ಫೆಬ್ರವರಿ 16ರಂದು ಶಿಕಾಗೋದಲ್ಲಿ ಶುರುವಾಯಿತು. ಹಿಮಬಿರುಗಾಳಿಗೆ ಮನೆಯಿಂದ ಹೊರಬರಲಾಗದ ದಿನಗಳಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್ ಆ ಕೆಲಸಕ್ಕೆ ಕೈ ಹಾಕಿದ್ದರು. ಈಗ ಅದೇ ಮಜಾ ಟೆಲ್ನೆಟ್ ಮೇಲೆ, ಅಂದರೆ ಇಂಟರ್ನೆಟ್‌ನಿಂದ ಇನ್ನೊಂದು ಕಂಪ್ಯೂಟರಿಗೆ ಬರೀ ಅಕ್ಷರಗಳಲ್ಲಿ ಮಾತಾಡುವ ಹಳೆಯ ದಾರಿಯಲ್ಲಿ, ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಸಾಕು. ಬಿಬಿಎಸ್ ನಡೆಸಲು ನಾನು ಬಳಸುವ ಪ್ರೋಗ್ರಾಂ ಸಿಂಕ್ರೊನೆಟ್. ಅದಕ್ಕೆ ಕಾಸು ಕೊಡಬೇಕಿಲ್ಲ. ಮುಂದೆ ಹೇಳುವುದೆಲ್ಲ ಲಿನಕ್ಸ್ ಮೇಲಿನ ಸಿಂಕ್ರೊನೆಟ್‌ಗೆ.

ಮೊದಲ ಕೆಲಸ, ಪ್ರೋಗ್ರಾಂ ಯಾವ ಫೋಲ್ಡರ್ ನೋಡುತ್ತಿದೆ ಎಂದು ಕೇಳಿಕೊಳ್ಳುವುದು. ಸೆಟ್ಟಿಂಗ್ ಫೈಲುಗಳೆಲ್ಲ ‘ಸಿಟಿಆರ್‌ಎಲ್’ ಎಂಬ ಫೋಲ್ಡರಿನಲ್ಲಿರುತ್ತವೆ. ಆ ಫೋಲ್ಡರ್ ಎಲ್ಲಿದೆ ಎಂಬುದನ್ನು ಸಿಂಕ್ರೊನೆಟ್‌ಗೆ ತಿಳಿಸುವುದು ‘ಎಸ್‌ಬಿಬಿಎಸ್‌ಸಿಟಿಆರ್‌ಎಲ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್. ಪ್ರೋಗ್ರಾಂ ಶುರು ಮಾಡುವ ಅದೇ ಟರ್ಮಿನಲ್‌ನಲ್ಲಿ ಅದರ ಹೆಸರಿನ ಮೊದಲಿಗೆ ಡಾಲರ್ ಗುರುತು ಹಾಕಿ ‘ಎಕೋ’ ಕಮಾಂಡ್ ಕೊಡಿ, ಫೋಲ್ಡರಿನ ದಾರಿ ತೋರಿಸುತ್ತದೆ. ಬರುವ ದಾರಿಯೂ ನೀವು ಎಡಿಟರ್‌ನಲ್ಲಿ ತೆರೆದ ಫೈಲು ಇರುವ ಫೋಲ್ಡರಿನ ದಾರಿಯೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನನ್ನ ಹನ್ನೊಂದು ಸಲದ ದುಡಿಮೆ ಇದೊಂದರಲ್ಲಿ ಉಳಿಯುತ್ತಿತ್ತು.

ಆಮೇಲೆ ಕಾಪಿ. ಕಾಪಿಯ ಹೆಸರಿಗೆ ತಾರೀಖು ಸೇರಿಸಿ, ಸಿಟಿಆರ್‌ಎಲ್ ಫೋಲ್ಡರಿನ ಹೊರಗೆ ಇಡಿ. ಒಳಗೆ ಇಟ್ಟರೆ ಒಂದು ದಿನ ಅದನ್ನೇ ತಿದ್ದುತ್ತ ಕೂರುತ್ತೀರಿ.

ಈಗ ‘ಎಸ್‌ಬಿಬಿಎಸ್ ಡಾಟ್ ಐಎನ್‌ಐ’ ತೆರೆಯಿರಿ. ಚೌಕ ಕಂಸದೊಳಗಿನ ಹೆಸರುಗಳು ವಿಭಾಗಗಳು: ಗ್ಲೋಬಲ್, ಬಿಬಿಎಸ್, ಎಫ್‌ಟಿಪಿ, ಮೇಲ್, ವೆಬ್ ಹೀಗೆ. ಅವುಗಳ ಕೆಳಗೆ ‘ಹೆಸರು ಸಮ ಬೆಲೆ’ ಎಂಬಂಥ ಸಾಲುಗಳಿವೆ, ‘ಟೆಲ್ನೆಟ್‌ಪೋರ್ಟ್ ಸಮ 23’ ಇದ್ದಂತೆ. ಒಂದೇ ಹೆಸರು ಬೇರೆ ಬೇರೆ ವಿಭಾಗದಲ್ಲಿ ಬರುತ್ತದೆ. ಹಾಗಾಗಿ ಹುಡುಕು ಒತ್ತಿ ಮೊದಲು ಸಿಕ್ಕದ್ದನ್ನು ತಿದ್ದುವವರು ಎಫ್‌ಟಿಪಿಯ ಬೆಲೆ ಬದಲಿಸಿ ಬಿಬಿಎಸ್‌ನದ್ದು ಯಾಕೆ ಬದಲಾಗಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಸೆಮಿಕೋಲನ್‌ನಿಂದ ಶುರುವಾಗುವ ಸಾಲು ಟಿಪ್ಪಣಿ, ಪ್ರೋಗ್ರಾಂ ಅದನ್ನು ಓದುವುದಿಲ್ಲ. ನೀವು ಬರೆಯುವ ಟಿಪ್ಪಣಿಗೂ ಬೇರೆ ಸಾಲು ಕೊಡಿ, ಬೆಲೆಯ ಬಾಲಕ್ಕೆ ಅಂಟಿಸಬೇಡಿ.

ಬಿಬಿಎಸ್ ವಿಭಾಗದಲ್ಲಿ ‘ಟೆಲ್ನೆಟ್‌ಪೋರ್ಟ್’ ಹುಡುಕಿ. ಅಲ್ಲಿ 23 ಇರುತ್ತದೆ. ಲಿನಕ್ಸ್‌ನಲ್ಲಿ 1024ರ ಕೆಳಗಿನ ಪೋರ್ಟ್ ತೆರೆಯಲು ಸಾಮಾನ್ಯವಾಗಿ ರೂಟ್, ಅಂದರೆ ಕಂಪ್ಯೂಟರಿನ ಯಜಮಾನನ, ಅಧಿಕಾರ ಬೇಕು, ಅದಕ್ಕೇ 2323. ‘ಎಸ್‌ಎಸ್‌ಎಚ್‌ಪೋರ್ಟ್’ ಕೂಡ ನೋಡಿಕೊಳ್ಳಿ. ಎಸ್‌ಎಸ್‌ಎಚ್ ಟೆಲ್ನೆಟ್‌ನಂಥದ್ದೇ, ಆದರೆ ಮಾತನ್ನೆಲ್ಲ ಮುಸುಕು ಹಾಕಿ ಕಳಿಸುತ್ತದೆ. ಅದರ 22ನ್ನು ನಿಮ್ಮ ಕಂಪ್ಯೂಟರಿನ ಸ್ವಂತ ಎಸ್‌ಎಸ್‌ಎಚ್ ಆಗಲೇ ಹಿಡಿದಿದ್ದರೆ ಇಬ್ಬರಿಗೂ ಒಂದೇ ಬಾಗಿಲು ಆಗುವುದಿಲ್ಲ, ಅಲ್ವಾ? 2222 ಕೊಡಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಹೋಗುತ್ತದೆ. ಹಾಗಾಗಿ ನಾನು ಬಂದವರಿಗೆ ಎಸ್‌ಎಸ್‌ಎಚ್ ಬಳಸಿ ಎಂದೇ ಹೇಳುತ್ತೇನೆ.

ನೋಡ್ ಅಂದರೆ ಒಮ್ಮೆಗೆ ಒಬ್ಬರು ಕೂರುವ ಜಾಗ. ಅಲ್ಲೇ ಇರುವ ‘ಲಾಸ್ಟ್‌ನೋಡ್’ 4 ಎಂದರೆ ನಾಲ್ಕು ಜನ. ಇದನ್ನು ಸುಮ್ನೆ ಏರಿಸಬೇಡಿ. ಮೊದಲು ‘ಎಸ್‌ಸಿಎಫ್‌ಜಿ’ ಎಂಬ ಸೆಟಪ್ ಪ್ರೋಗ್ರಾಂನಲ್ಲಿ ನೋಡ್ ಸೇರಿಸಬೇಕು. ಹೋಗಲಿ, ನಮ್ಮೂರಿನ ಬೋರ್ಡಿಗೆ ನಾಲ್ಕೇ ಜಾಸ್ತಿ.

3.20ಕ್ಕಿಂತ ಹಳೆಯ ಸಿಂಕ್ರೊನೆಟ್ ಇದ್ದವರು ‘ಸಿಎನ್‌ಎಫ್’ ಎಂದು ಕೊನೆಯಾಗುವ ಫೈಲನ್ನು ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಅವು ಬೈನರಿ, ಅಂದರೆ ಓದುವ ಅಕ್ಷರದ ಫೈಲಲ್ಲ, ಕೆಟ್ಟೇ ಹೋಗುತ್ತವೆ. ಅವಕ್ಕೆ ಎಸ್‌ಸಿಎಫ್‌ಜಿಯೇ ದಾರಿ.

ಬಂದವರಿಗೆ ಕಾಣುವ ಮಾತುಗಳು ‘ಟೆಕ್ಸ್ಟ್ ಡಾಟ್ ಡಾಟ್’ನಲ್ಲಿವೆ. ಎರಡನೆಯ ಡಾಟ್ ನಿಜಕ್ಕೂ ‘ಡಿಎಟಿ’, ಓದುವಾಗ ನಗು ಬರುತ್ತದೆ. ಇಲ್ಲಿ ಮಾತು ಬದಲಿಸಬಹುದು, ಸಾಲು ಕಿತ್ತುಹಾಕುವಂತಿಲ್ಲ, ನಡುವೆ ಹೊಸದು ಸೇರಿಸುವಂತಿಲ್ಲ. ಪರ್ಸೆಂಟ್ ಗುರುತಿನ ಪಕ್ಕ ‘ಎಸ್’ ಇದ್ದಲ್ಲಿ ಪ್ರೋಗ್ರಾಂ ಹೆಸರನ್ನೋ ಇನ್ನೊಂದನ್ನೋ ತುಂಬುತ್ತದೆ, ಅದನ್ನು ಹಾಗೇ ಬಿಡಿ. ಹಳೆಯ ಬಿಬಿಎಸ್ ಟರ್ಮಿನಲ್‌ಗಳ ಸಿಪಿ437 ಅಕ್ಷರಪಟ್ಟಿಯಲ್ಲಿ ಇರುವುದು 256 ಅಕ್ಷರ, ಅದರಲ್ಲಿ ಕನ್ನಡ ಇಲ್ಲ. ನನ್ನ “ಬರ್ರೀ, ಕೂಡ್ರಿ” ಇಂಗ್ಲಿಷ್ ಅಕ್ಷರದಲ್ಲೇ ಕೂತಿದೆ.

ತಿದ್ದಿದ್ದಾಯಿತು. ಆದರೆ ಓಡುತ್ತಿರುವ ಪ್ರೋಗ್ರಾಂ ಸೆಟ್ಟಿಂಗನ್ನು ಮತ್ತೆ ಓದುವವರೆಗೆ ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತದೆ. ಸಿಟಿಆರ್‌ಎಲ್ ಫೋಲ್ಡರಿನಲ್ಲಿ ‘ಟಚ್’ ಕಮಾಂಡಿನಿಂದ ‘ರಿಸೈಕಲ್’ ಎಂಬ ಖಾಲಿ ಫೈಲ್ ಮಾಡಿ. ಒಳಗಿದ್ದವರು ಹೋದ ಮೇಲೆ ಸರ್ವರ್‌ಗಳು ಸೆಟ್ಟಿಂಗ್ ಮತ್ತೆ ಓದುತ್ತವೆ. ಮನೆಯಲ್ಲಿ ನೀವೊಬ್ಬರೇ ಇದ್ದರೆ ನಿಲ್ಲಿಸಿ ಮತ್ತೆ ಶುರು ಮಾಡುವುದೇ ಸಲೀಸು.

ಅದೇ ಕಂಪ್ಯೂಟರಿನಿಂದ ಲೋಕಲ್‌ಹೋಸ್ಟ್‌ಗೆ, ಅಂದರೆ ಅದಕ್ಕೇ, 2323 ಹಾಕಿ ಟೆಲ್ನೆಟ್ ಮಾಡಿ. ತೆರೆಯದಿದ್ದರೆ ಕಾಪಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ತೋರಿಸುವ ‘ಡಿಫ್’ ಕಮಾಂಡ್ ಹಾಕಿ. ನೀವು ತಿದ್ದಿದ ಸಾಲಷ್ಟೇ ಕಾಣಬೇಕು. ಇಡೀ ಫೈಲೇ ಬೇರೆ ಎಂದು ತೋರಿಸಿದರೆ ವಿಂಡೋಸ್ ಎಡಿಟರ್ ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿರಬಹುದು, ಅವನ್ನು ಸರಿಮಾಡಲು ‘ಡಾಸ್‌ಟುಯುನಿಕ್ಸ್’ ಓಡಿಸಿ. ಒಳಗಿನಿಂದ ತೆರೆದು ಧಾರವಾಡದ ಹುಡುಗನಿಗೆ ಮಾತ್ರ ತೆರೆಯದಿದ್ದರೆ ಈ ಫೈಲುಗಳನ್ನು ಮತ್ತೆ ಮುಟ್ಟಬೇಡಿ. ಅದು ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿಂದ ಬಂದವರನ್ನು ನಿಮ್ಮ ಕಂಪ್ಯೂಟರಿಗೆ ದಾಟಿಸುವ, ಕೆಲಸ.