ಮಗುವಿನ ಮುಖದ ಮೇಲೆ ಗಾಯದ ಕಲೆ ಉಳಿದರೆ ಏನು ಮಾಡಬೇಕು

ಕೋಲಾರದ ಹತ್ತಿರ ನಮ್ಮ ತೋಟದಲ್ಲಿ ಟೊಮೆಟೊ ಕ್ರೇಟ್ ಹತ್ತಿ ಆಡುತ್ತಿದ್ದ ಮಗಳು ಬಿದ್ದು ಕೆನ್ನೆ ಸೀಳಿಕೊಂಡಳು. ಏಳು ಹೊಲಿಗೆ. ಆಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಮುಲಾಮು ಹೇಳಿದರು. ಆದರೆ ಇದು ಒಂದೇ ಮುಲಾಮಿನಿಂದ ಆಗುವ ಕೆಲಸ ಅಲ್ಲ. ಎರಡು ಮೂರು ಚಿಕಿತ್ಸೆ ಸೇರಬೇಕು, ಯಾವುದು ಯಾವಾಗ ಅನ್ನೋದು ಗೊತ್ತಿರಬೇಕು.

ಮುಖದ ಹೊಲಿಗೆ ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ತೆಗೆಯುತ್ತಾರೆ. ಗಾಯ ಪೂರ್ತಿ ಮುಚ್ಚುವವರೆಗೆ ಅರಿಶಿನ, ಕಾಫಿಪುಡಿ ಏನೂ ಮೆತ್ತಬೇಡಿ. ಮುಚ್ಚಿದ ಮೇಲೆ ಡಾಕ್ಟರನ್ನು ಕೇಳಿ ಸಿಲಿಕೋನ್ ಶುರು ಮಾಡಿ, ಅದು ಕಲೆ ಮೇಲೆ ಅಂಟಿಸುವ ಹಾಳೆಯಾಗಿಯೂ ಹಚ್ಚುವ ಜೆಲ್ ಆಗಿಯೂ ಸಿಗುತ್ತದೆ. ಹಾಳೆಯಾದರೆ ದಿನಕ್ಕೆ 12 ಗಂಟೆಯಾದರೂ ಅಂಟಿರಬೇಕು, ಅದೂ ಎರಡು ಮೂರು ತಿಂಗಳು. ಓಡಾಡುವ ಮಗುವಿನ ಕೆನ್ನೆ ಮೇಲೆ ಅದು ಎಲ್ಲಿ ನಿಲ್ಲುತ್ತೆ? ಅದಕ್ಕೇ ನಾವು ಹಗಲು ತೆಳುವಾಗಿ ಜೆಲ್ ಹಚ್ಚಿ, ರಾತ್ರಿ ಅವಳು ನಿದ್ದೆ ಹೋದ ಮೇಲೆ ಹಾಳೆ ಅಂಟಿಸುತ್ತಿದ್ದೆವು. ಜೊತೆಗೆ ಡಾಕ್ಟರ್ ತೋರಿಸಿಕೊಟ್ಟ ಹಾಗೆ ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿ ತಿಕ್ಕುವುದು.

ಬಿಸಿಲಿನ ಬಗ್ಗೆ ಸುಮ್ನೆ ಇರಬೇಡಿ. ಹೊಸ ಕಲೆ ಬಿಸಿಲಿಗೆ ಕಪ್ಪಾಗುತ್ತದೆ, ನಮ್ಮ ಮೈಬಣ್ಣದವರಿಗೆ ಇನ್ನೂ ಜಾಸ್ತಿ. ಟೋಪಿ ಹಾಕಿ, ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚಿ.

ಕಲೆ ಬಲಿತು ಒಂದು ಸ್ಥಿತಿಗೆ ಬರಲು ಒಂದು ವರ್ಷ, ಒಂದೂವರೆ ವರ್ಷ ಬೇಕು. ಹಾಗಂತ ಕೆಂಪಗೆ ಉಬ್ಬುತ್ತಿದ್ದರೂ ಕಾಯುತ್ತಾ ಕೂರಬೇಡಿ, ಮಕ್ಕಳಲ್ಲಿ ಕಲೆ ಉಬ್ಬುವುದು ಹೆಚ್ಚು. ಚರ್ಮದ ಡಾಕ್ಟರ್ ಅಥವಾ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಕೆಂಪು ಇಳಿಸಲು ಪಲ್ಸ್ಡ್ ಡೈ ಲೇಸರ್, ದಪ್ಪ ಇಳಿಸಲು ಕಲೆಯೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಏರುತಗ್ಗು ಸರಿಮಾಡಲು ಫ್ರಾಕ್ಷನಲ್ ಲೇಸರ್ ಇದೆ. ಇದಕ್ಕೆ ಮಗುವಿಗೆ ಅರಿವಳಿಕೆ ಕೊಡಲೇಬೇಕು ಅಂದರೆ, ಲೇಸರ್ ಮತ್ತು ಇಂಜೆಕ್ಷನ್ ಎರಡನ್ನೂ ಒಂದೇ ಸಲಕ್ಕೆ ಮಾಡಬಹುದಾ ಅಂತ ಬಾಯಿಬಿಟ್ಟು ಕೇಳಿ. ಕಂದು ಮೈಬಣ್ಣದ ಮಕ್ಕಳಿಗೆ ಲೇಸರ್ ಮಾಡಿ ಅಭ್ಯಾಸ ಇದೆಯಾ ಅಂತಲೂ ಕೇಳಿ, ಲೇಸರ್ ಜೋರಾದರೆ ಅದರಿಂದಲೇ ಕಪ್ಪು ಕಲೆ ಉಳಿಯಬಹುದು. ಕಲೆ ರೆಪ್ಪೆಯನ್ನೋ ತುಟಿಯನ್ನೋ ಎಳೆಯುತ್ತಿದ್ದರೆ ಆಪರೇಷನ್ ಬೇಗ ಬೇಕಾಗಬಹುದು. ಇಲ್ಲದಿದ್ದರೆ ಅದು ಕೊನೆಗೆ. ಇದೆಲ್ಲದರ ನಡುವೆಯೂ ಸಿಲಿಕೋನ್, ಟೋಪಿ ಬಿಡಬಾರದು. ಕಲೆ ಪೂರ್ತಿ ಅಳಿಸಿಹೋಗುವುದಿಲ್ಲ, ಮಾಸುತ್ತದೆ.

ಇನ್ನೊಂದು. "ಹೆಣ್ಣುಮಗು, ಮುಂದೆ ಹೇಗೆ" ಅಂತ ಮಗುವಿನ ಎದುರೇ ಅಲವತ್ತುಕೊಳ್ಳುವ ನೆಂಟರನ್ನು ಅಲ್ಲೇ ತಡೆಯಿರಿ, ಅವಳಿಗೆ ಎಲ್ಲ ಕೇಳಿಸುತ್ತೆ ಅಲ್ವಾ?

ತಿಂಗಳಿಗೊಮ್ಮೆ ಅದೇ ಕಿಟಕಿ ಹತ್ತಿರ, ಅದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ದಿನಾ ನೋಡುವ ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಂದಿನ ಚಿಕಿತ್ಸೆ ಯಾವುದು ಅಂತ ಡಾಕ್ಟರ್ ನಿರ್ಧರಿಸುವಾಗ ಆ ಫೋಟೊಗಳೇ ಕೆಲಸಕ್ಕೆ ಬರುತ್ತವೆ.