ತಾಮ್ರಕ್ಕೆಷ್ಟು ಶಾಖ, ಸೀಸಕ್ಕೆಷ್ಟು? ಮನೆಯಲ್ಲೇ ಅಳೆಯಿರಿ

ಒಂದೇ ತೂಕದ ತಾಮ್ರ ಮತ್ತು ಸೀಸವನ್ನು ಒಟ್ಟಿಗೆ ಕುದಿಸಿ, ಬೇರೆ ಬೇರೆ ಲೋಟಗಳ ತಣ್ಣೀರಿಗೆ ಹಾಕಿದರೆ ಸೀಸಕ್ಕಿಂತ ತಾಮ್ರ ನೀರಿನ ತಾಪವನ್ನು ಸುಮಾರು ಮೂರು ಪಟ್ಟು ಹೆಚ್ಚು ಏರಿಸುತ್ತದೆ. ಕಾರಣ, ಎರಡರ ವಿಶಿಷ್ಟೋಷ್ಣ, ಅಂದರೆ ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ, ಬೇರೆ.

ತಾಮ್ರದ ತಂತಿ ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಹೊದಿಕೆಯನ್ನು ಸುಡಬೇಡಿ, ಸುಲಿಯಿರಿ. ಬಲೆಗೆ ಕಟ್ಟುವ ಸೀಸದ ಗುಂಡನ್ನು ಕಾಸರಗೋಡಿನ ಕಡಲ ಬದಿಯ ಮೀನುಗಾರರಲ್ಲಿ ಕೇಳಿ ಪಡೆಯಬಹುದು. ಸೀಸ ವಿಷ, ಅದನ್ನು ಕುದಿಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡ, ಮುಟ್ಟಿದ ಕೈ ತೊಳೆಯಿರಿ. ಜ್ವರದ ಥರ್ಮಾಮೀಟರ್ ಸಾಲದು, ಪ್ರಯೋಗಾಲಯದ್ದೇ ಬೇಕು.

ಥರ್ಮೋಕೋಲ್ ಲೋಟದಲ್ಲಿ 200 ಗ್ರಾಂ ನೀರು ತೂಗಿ ತಾಪ ಬರೆದಿಡಿ, 28 ಡಿಗ್ರಿ ಎಂದಿಟ್ಟುಕೊಳ್ಳಿ. 200 ಗ್ರಾಂ ತಾಮ್ರವನ್ನು ದಾರದಲ್ಲಿ ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಳಿಬಿಡಿ. ಕಾಸರಗೋಡು ಸಮುದ್ರಮಟ್ಟಕ್ಕೆ ಹತ್ತಿರವಿರುವುದರಿಂದ ಇಲ್ಲಿ ತಾಮ್ರ 100 ಡಿಗ್ರಿ ಎಂದು ನಂಬಬಹುದು. ಮಡಿಕೇರಿಯಲ್ಲಾದರೆ ನೀರು ಸುಮಾರು 96ಕ್ಕೇ ಕುದಿಯುತ್ತದೆ.

ಪ್ರಯೋಗ ಕೆಡುವುದು ಇನ್ನು ಮುಂದಿನ ಐದು ಸೆಕೆಂಡುಗಳಲ್ಲಿ. ತಂತಿಯ ಸುರುಳಿಗಳ ನಡುವೆ ಕುದಿನೀರು ಸಿಕ್ಕಿಕೊಂಡಿರುತ್ತದೆ. ಒಂದು ಗ್ರಾಂ ನೀರು ಹತ್ತು ಗ್ರಾಂಗೂ ಮಿಕ್ಕಿದ ತಾಮ್ರದಷ್ಟು ಶಾಖ ಹೊತ್ತಿರುತ್ತದೆ. ಎರಡು ಸಲ ಬಲವಾಗಿ ಕೊಡವಿ, ತಡಮಾಡದೆ ಲೋಟಕ್ಕೆ ಇಳಿಸಿ, ಮುಚ್ಚಳ ಹಾಕಿ. ಮೆಲ್ಲನೆ ಕಲಕುತ್ತಾ ಥರ್ಮಾಮೀಟರ್ ಮುಟ್ಟುವ ಅತಿ ಎತ್ತರದ ಗೆರೆಯನ್ನು ಬರೆದುಕೊಳ್ಳಿ.

ಅದು 34 ಎಂದರೆ, ನೀರಿನ ವಿಶಿಷ್ಟೋಷ್ಣ 4.18 ಆದ್ದರಿಂದ, ನೀರು ಪಡೆದದ್ದು 200 × 4.18 × 6 = 5016 ಜೂಲ್ ಶಾಖ. ತಾಮ್ರ ಇಳಿದದ್ದು 66 ಡಿಗ್ರಿ. 5016ನ್ನು 200 × 66ರಿಂದ ಭಾಗಿಸಿದರೆ ತಾಮ್ರದ ವಿಶಿಷ್ಟೋಷ್ಣ 0.38. ಪುಸ್ತಕಗಳಲ್ಲಿ ಕೊಟ್ಟಿರುವ ಮೌಲ್ಯ 0.385. ನಿಮ್ಮದು 0.33 ಬಂದರೂ ಬೇಸರ ಬೇಡ, ಗಾಳಿಗೂ ಲೋಟಕ್ಕೂ ಶಾಖ ಸೋರುತ್ತದೆ. ಸೀಸದ್ದು 0.128, ಅದರ ನೀರು 30ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಮುಂದಿನ ಗುಣಾಕಾರ. ವಿಶಿಷ್ಟೋಷ್ಣವನ್ನು ಪರಮಾಣು ತೂಕದಿಂದ ಗುಣಿಸಿ: ತಾಮ್ರಕ್ಕೆ 0.385 × 63.5 = 24.4, ಸೀಸಕ್ಕೆ 0.128 × 207 = 26.5. ಗ್ರಾಂ ಲೆಕ್ಕದಲ್ಲಿ ಮೂರು ಪಟ್ಟು ದೂರವಿದ್ದ ಲೋಹಗಳು ಪರಮಾಣುಗಳ ಲೆಕ್ಕದಲ್ಲಿ ಅಕ್ಕಪಕ್ಕ ಬಂದು ನಿಂತವು! ಸೀಸದ ಪರಮಾಣು ಭಾರ, ಆದ್ದರಿಂದ 200 ಗ್ರಾಂನಲ್ಲಿ ಅವುಗಳ ಸಂಖ್ಯೆಯೇ ಕಡಿಮೆ. ಫ್ರಾನ್ಸಿನ ಡ್ಯುಲಾಂಗ್ ಮತ್ತು ಪೆಟಿಟ್ 1819ರಲ್ಲಿ ಪ್ರಕಟಿಸಿದ ನಿಯಮವಿದು. ಆದರೆ ವಜ್ರ ಇದಕ್ಕೆ ಬಗ್ಗದೆ 6ರ ಬಳಿಯೇ ಉಳಿಯಿತು. ಅದರ ಕಾರಣವನ್ನು 1907ರಲ್ಲಿ ಐನ್‌ಸ್ಟೈನ್ ಕ್ವಾಂಟಮ್ ಕಲ್ಪನೆಯಿಂದ, ಅಂದರೆ ಶಕ್ತಿ ತುಣುಕು ತುಣುಕಾಗಿಯೇ ವಿನಿಮಯವಾಗುತ್ತದೆ ಎಂಬ ವಿಚಾರದಿಂದ, ವಿವರಿಸಿದರು.

ಅಲ್ಯೂಮಿನಿಯಂ ಸಿಕ್ಕರೆ ಅದನ್ನೂ ಇಳಿಸಿ ನೋಡಿ. 200 ಗ್ರಾಂ ಇದ್ದರೆ ನೀರು 40 ಡಿಗ್ರಿಯ ಹತ್ತಿರ ಬರಬೇಕು.